ಆರೋಗ್ಯವಂತರ ಸಾಲಿನ ರಕ್ತ

ಕ್ಷಯ ಎಂದು ಡಾಕ್ಟರು ಹೇಳಿದಾಗ ಅನುಜಾಳಿಗೆ ಅಳು ಬರಲಿಲ್ಲ, ಗಾಬರಿಯೂ ಆಗಲಿಲ್ಲ. ಬೆಳಗಾವಿಯ ಆಸ್ಪತ್ರೆಯ ಬೆಂಚಿನ ಮೇಲೆ ಮರಗಟ್ಟಿ ಕೂತಳು. ಅಪ್ಪ ತವನಪ್ಪನ ಎರಡೂ ಶ್ವಾಸಕೋಶ ಹಾಳಾಗಿದ್ದವು. ತೀರ ತಡವಾಗಿ ಬಂದಿರಿ, ಭರವಸೆ ಕೊಡಲಾರೆ ಎಂದೂ ಡಾಕ್ಟರು ಹೇಳಿದ್ದರು.

ಅನುಜಾ ಸಂಶೋಧನೆ ಮಾಡುತ್ತಿದ್ದುದೇ ಕ್ಷಯದ ಮೇಲೆ; ಇದಕ್ಕಿಂತ ನಗೆಪಾಟಲು ಬೇರೆ ಬೇಕೆ? ಕ್ಷಯದ ರೋಗಾಣು ಬಿ-ಟು ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ಮೈಗೆ ಆ ಕಸುಬು ಬಾರದು. ಆ ತಯಾರಿಯಲ್ಲಿ ಹುಟ್ಟುವ ಒಂದು ಚೂರನ್ನು ನಮ್ಮ ಜೀವಕೋಶ ಹೊರಮೈ ಮೇಲೆ ಎತ್ತಿ ಹಿಡಿದರೆ ಸಾಕು, ರಕ್ತದ ಒಂದು ಜಾತಿಯ ಕಾವಲು ಕಣಗಳು ಹೊರಗಿನವರು ನುಗ್ಗಿದ್ದಾರೆಂದು ಗುರುತು ಹಿಡಿಯುತ್ತವೆ. ಕ್ಷಯ ಬಂದವರ ರಕ್ತದಲ್ಲಿ ಈ ಕಣಗಳು ಕಡಿಮೆಯಾಗುತ್ತವೆ. ಬಹುಶಃ ರಕ್ತ ಬಿಟ್ಟು ಶ್ವಾಸಕೋಶಕ್ಕೆ ಹೋಗಿರುತ್ತವೆ.

ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಅದನ್ನು ತಂತಮ್ಮ ಮನೆಯವರಿಂದಲೇ ತರುವುದು ಅವಳ ಲ್ಯಾಬಿನ ರೂಢಿ. ಅಪ್ಪನದು ಹೊತ್ತು ಮುಳುಗುವ ಮೊದಲೇ ಊಟ, ಸೋಸಿ ಕಾಯಿಸಿದ ನೀರು, ಚಟವೆಂಬುದರ ಸುದ್ದಿಯೇ ಇಲ್ಲ. ಅವನಿಗಿಂತ ಗಟ್ಟಿ ಮನುಷ್ಯ ಯಾರಿದ್ದಾರೆ ಎಂದು ಅನುಜಾಳ ಎಣಿಕೆ. ಹೋದ ಮಳೆಗಾಲದಲ್ಲಿ ತವನಪ್ಪ ಖಾನಾಪುರದ ಮೆಣಸಿನಕಾಯಿ ಅಂಗಡಿಗೆ ಬೀಗ ಹಾಕಿ, ಬಸ್ಸು ಹತ್ತಿ ಬಂದು ತೋಳು ಚಾಚಿದ್ದ. ಆಗಲೇ ಕೆಮ್ಮುತ್ತಿದ್ದ. ಮೆಣಸಿನಕಾಯಿ ಧೂಳು ಅಂದಿದ್ದ.

ಅವನ ರಕ್ತದಲ್ಲಿ ಆ ಕಣಗಳು ಇಲ್ಲವೆನ್ನುವಷ್ಟು ಕಡಿಮೆ ಇದ್ದವು.

"ವಯಸ್ಸಾದವ್ರದು ಹಿಂಗ ಇರತೈತಿ. ಗ್ರಾಫ್ ಕೆಡತೈತಿ, ತಗದ ನಂದ ಹಾಕ್ರಿ," ಅಂದ ಜೊತೆಗಾರ ಸುಮಿತ.

ಆರೋಗ್ಯವಂತರ ಸಾಲಿನಲ್ಲಿ ಕೂತವನು ರೋಗಿಯಾಗಿರಬಹುದೆಂದು ಇಬ್ಬರು ಜಾಣರಿಗೂ ಹೊಳೆಯಲಿಲ್ಲ. ಅನುಜಾ ಅಪ್ಪನನ್ನು ತೆಗೆದುಹಾಕಿದಳು. ಗ್ರಾಫ್ ಚೆಂದ ಬಂತು.

ಈಗ ಬೆಂಚಿನಿಂದೆದ್ದು ವಾರ್ಡಿನೊಳಗೆ ಬಂದರೆ, ಅವ್ವ ಅಕ್ಕಾತಾಯಿ ಗಂಡನ ಬೆನ್ನು ನೀವುತ್ತ ಗೊಣಗುತ್ತಿದ್ದಳು. "ಎಷ್ಟ ಸಲ ಅಂದ್ನಿ, ಡಾಕ್ಟರ ಕಡೆ ಹೋಗೂಣು ಬರ್ರಿ ಅಂತ. ಒಂದ ಹಟ."

"ಯಾಕ ಹೋಗ್ಬೇಕ?" ತವನಪ್ಪ ಉಸಿರು ಎಳೆದುಕೊಂಡ. "ಅನು ನನ್ನ ರಕ್ತ ನೋಡಿದ್ಳಲ್ಲ. ಏನರ ಇದ್ದಿದ್ರ ಹೇಳ್ತಿದ್ಳು."

ಆಮೇಲೆ ಮಗಳ ಕಡೆ ತಿರುಗಿದ. "ಆವಾಗ ಎಲ್ಲಾ ಛಲೋ ಇತ್ತ, ಹೌದಿಲ್ಲವಾ?"

ಅನುಜಾ ಬಾಯಿ ತೆರೆದಳು. ಎದೆಯಲ್ಲಿ ಏನೂ ಅಲ್ಲಾಡಲಿಲ್ಲ.

"ಛಲೋ ಇತ್ತಪಾ," ಅಂದಳು.

"ಕೇಳಿದಿ?" ಎಂದು ಹೆಂಡತಿಗೆ ಹೇಳಿ, ತವನಪ್ಪ ಸಮಾಧಾನದಿಂದ ದಿಂಬಿಗೆ ಒರಗಿದ.