ಪೀಪಾಯಿಯ ಮನೆಯ ಟ್ಯಾಂಕರುಗಳು

ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಅವನನ್ನು ಎಲ್ಲರೂ ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಕಂಡವರ ಬಾಯಿಗೆ ಹಲ್ಲುಸೆಟ್ಟು ಕಟ್ಟುವುದು, ಸಂಜೆ ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಮಾದರಿ ರೈಲು ಓಡಿಸುವುದು, ಇಷ್ಟೇ ಅವನ ಲೋಕ. ಮದುವೆಯಾದ ಹೊಸದರಲ್ಲಿ ಹೆಂಡತಿ ಅದನ್ನು ಆಟಿಕೆ ಎಂದದ್ದಕ್ಕೆ ಅವನು ಮಾತು ಬಿಟ್ಟಿದ್ದ. ಈಗ ಅವಳೂ ರೈಲು ಎಂದೇ ಅನ್ನುತ್ತಿದ್ದಳು. ಆದರೆ ಕಸ ಗುಡಿಸಲು ಮಾತ್ರ ಆ ಕೋಣೆಗೆ ಕಾಲಿಡುತ್ತಿರಲಿಲ್ಲ.

ಕೋಣೆಯ ಉದ್ದಕ್ಕೂ ಹಾಕಿದ ಹಲಗೆಯ ಮೇಲೆ ಒಂದು ಸ್ಟೇಷನ್ನು, ಒಂದು ಸೇತುವೆ, ಎಣ್ಣೆ ಕಾರ್ಖಾನೆ ಇದ್ದವು. ಚಿಮಣಿಗಳನ್ನೂ ಕೊಳವೆಗಳನ್ನೂ ಅವನೇ ಕೂತು ಮಾಡಿದ್ದ. ಇಲ್ಲದ್ದು ಒಂದೇ, ಕಾರ್ಖಾನೆಯಿಂದ ಹೊರಡಬೇಕಾದ ಟ್ಯಾಂಕರ್ ರೈಲು. ಲ್ಯಾಬಿಗೆ ಹೋಗುವಾಗ ರೈಲ್ವೆ ಗೇಟು ಬಿದ್ದರೆ ಬೇರೆಯವರು ಗೊಣಗುತ್ತಿದ್ದರು, ಹಲ್ಲಣ್ಣ ಸೈಕಲ್ಲಿನಿಂದಿಳಿದು ಕಣ್ಣು ತುಂಬ ನೋಡುತ್ತಿದ್ದ. ನಿಜವಾದ ಗಾಡಿಯಲ್ಲಿ ಒಂದು ಟ್ಯಾಂಕರಿನಂತೆ ಇನ್ನೊಂದು ಇರುತ್ತಿರಲಿಲ್ಲ. ಆ್ಯಸಿಡ್ಡಿನದು ಸಣಕಲು, ಗ್ಯಾಸಿನದು ಬಾಣಂತಿಯಂತೆ ಮೈದುಂಬಿದ್ದು. ಟಾರಿನದರ ಹೊಟ್ಟೆಯ ಮೇಲೆಲ್ಲ ಸುರಿದು ಗಟ್ಟಿಯಾದ ಕಪ್ಪು ಕಲೆ. ಕೆಲವಕ್ಕೆ ನೆತ್ತಿಯ ಮೇಲೆ ಗುಬುಟು, ಕೆಲವು ಬೋಳು.

ಪೇಟೆಯಲ್ಲಿದ್ದ ಒಂದೇ ಒಂದು ಮಾದರಿ ರೈಲಿನ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಒಂದೇ ಬಗೆಯ ಟ್ಯಾಂಕರು. ಆ ಅಂಗಡಿಯವನ ಮೂಲಕವೇ ಬೇರೆ ಊರಿನಿಂದ ತರಿಸೋಣವೆಂದು ಚಿತ್ರ ನೋಡಿ ಆರು ನಮೂನೆಯವನ್ನು ಹೇಳಿ ಕಳಿಸಿದ. ಪೆಟ್ಟಿಗೆ ಬಂತು. ಬಿಚ್ಚಿ ನೋಡಿದರೆ ಆರೂ ಒಂದೇ ಅಚ್ಚಿನವು, ಬಳಿದ ಬಣ್ಣ ಮಾತ್ರ ಬೇರೆ. ಹಾಲು ಎಂದು ಬರೆದದ್ದಕ್ಕೂ ಟಾರು ಎಂದು ಬರೆದದ್ದಕ್ಕೂ ಅದೇ ಹೊಟ್ಟೆ, ಅದೇ ಏಣಿ. ಒಂದೇ ಅಳತೆಯ ಸೆಟ್ಟನ್ನು ಹತ್ತು ಬಾಯಿಗೆ ತುರುಕುವ ಕಳ್ಳ ಲ್ಯಾಬುಗಳ ನೆನಪಾಗಿ ಅವನಿಗೆ ಹೇಸಿಗೆಯಾಯಿತು. ಅವುಗಳನ್ನು ಅಂಗಡಿಯವನ ಮುಂದೆ ಸುರಿದು ಬೈದುಕೊಂಡ. ಅಂಗಡಿಯವನು ನಕ್ಕು, ಬಗೆಬಗೆಯವು ಬೇಕಿದ್ದರೆ ಪೀಪಾಯಿಯ ಮನೆಗೆ ಹೋಗಬೇಕು, ಅಲ್ಲಿಲ್ಲದ ಟ್ಯಾಂಕರು ಭೂಮಿಯ ಮೇಲೆ ಇಲ್ಲ ಎಂದ.

ಪೀಪಾಯಿ ಎಂಬುದು ರೈಲಿನ ಹುಚ್ಚಿರುವವರೆಲ್ಲ ಇಟ್ಟ ಅಡ್ಡಹೆಸರು. ಆತ ಬಣ್ಣದ ಸಗಟು ವ್ಯಾಪಾರ ಮಾಡಿ ಬಿಟ್ಟವನು. ಅರವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಎಂಜಿನ್ನು ಬೇಡ, ಹಳಿ ಬೇಡ, ಓಡಿಸುವುದಂತೂ ಬೇಡವೇ ಬೇಡ, ಬರೀ ಟ್ಯಾಂಕರು ಕೂಡಿಹಾಕುವುದು ಅವನ ಹುಚ್ಚು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಅಂಗಡಿಯವನು ಹಲ್ಲಣ್ಣನ ಭುಜ ತಟ್ಟಿದ.

ಭಾನುವಾರ ಬೆಳಿಗ್ಗೆ ಹಲ್ಲಣ್ಣ ಆ ಮನೆಯ ಗಂಟೆ ಒತ್ತಿದ. ಬಾಗಿಲು ತೆರೆದ ಪೀಪಾಯಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತೆಳ್ಳಗೆ ಇದ್ದ. ಚಪ್ಪಲಿ ಹೊರಗೇ ಬಿಡಬೇಕು, ಕೈ ತೊಳೆದುಕೊಳ್ಳಬೇಕು ಎಂದು ಮೊದಲೇ ಹೇಳಿದ. ಕೈ ತೊಳೆಯುವ ಬಚ್ಚಲು ಮನೆಯೊಳಗಿನ ಒಂದು ಕತ್ತಲೆ ಓಣಿಯ ಕೊನೆಯಲ್ಲಿತ್ತು. ಓಣಿಗೆ ಕಾಲಿಟ್ಟ ಕೂಡಲೇ ವಾಸನೆ ಮುಖಕ್ಕೆ ರಾಚಿತು. ಉಚ್ಚೆಯ ವಾಸನೆ, ಹುಳಿತ ಹಾಲಿನ ವಾಸನೆ, ಒಗೆಯದ ಬಟ್ಟೆಯ ವಾಸನೆ. ಗೋಡೆಗೆ ಒತ್ತಿ ಹಾಕಿದ ಕಬ್ಬಿಣದ ಮಂಚದ ಮೇಲೆ ಒಬ್ಬ ಮುದುಕಿ ಮಲಗಿದ್ದಳು. ಹಾಸಿಗೆಯ ಮೇಲೆ ಹರಡಿದ ಪ್ಲಾಸ್ಟಿಕ್ ಹಾಳೆ ಅವಳ ಸೊಂಟದ ಕೆಳಗೆ ಒದ್ದೆಯಾಗಿ ಹೊಳೆಯುತ್ತಿತ್ತು. ದಿಂಬಿನ ಪಕ್ಕದ ಬಟ್ಟಲಿನಲ್ಲಿ ಉಳಿದ ಗಂಜಿ ಕೆನೆಗಟ್ಟಿ ಅದರ ಮೇಲೆ ನೊಣ ಕೂತಿದ್ದವು. ಓಣಿ ಎಷ್ಟು ಇಕ್ಕಟ್ಟೆಂದರೆ ಮಂಚ ದಾಟಲು ಅಡ್ಡಡ್ಡ ನಡೆಯಬೇಕಿತ್ತು. ಪೀಪಾಯಿ ಅಭ್ಯಾಸವಾದವನಂತೆ ಅಡ್ಡಡ್ಡ ನಡೆದು, ನಮ್ಮಮ್ಮ, ತಲೆ ನೆಟ್ಟಗಿಲ್ಲ, ಏನಾದರೂ ಒದರಿದರೆ ತಲೆ ಕೆಡಿಸಿಕೊಳ್ಳಬೇಡಿ ಎಂದ.

ಮುದುಕಿ ಹಲ್ಲಣ್ಣನತ್ತ ಕೈ ಚಾಚಿ ಏನೋ ಅಂದಳು. ಅವನು ಕೈ ತೊಳೆದುಕೊಂಡು, ಉಸಿರು ಬಿಗಿಹಿಡಿದು ದಾಟಿಬಿಟ್ಟ.

ಬೀದಿ ಕಡೆಯ ದೊಡ್ಡ ಕೋಣೆ ಬೇರೆಯದೇ ಮನೆಯಂತಿತ್ತು. ಒಳಗೆ ತಣ್ಣಗೆ ಎ.ಸಿ. ಓಡುತ್ತಿತ್ತು. ನೆಲದಿಂದ ಸೂರಿನವರೆಗೆ ಗಾಜಿನ ಕಪಾಟು, ಪ್ರತಿ ತಟ್ಟೆಗೂ ಪುಟ್ಟ ದೀಪ. ಅಲ್ಲಿದ್ದವು ಟ್ಯಾಂಕರುಗಳು. ಆ್ಯಸಿಡ್ಡಿನವು, ಹಾಲಿನವು, ಕಾಕಂಬಿಯವು, ಮರದ ಪಟ್ಟಿ ಸುತ್ತಿದ ಹಳೆಯ ಕಾಲದ ಸಾರಾಯಿಯವು, ಒಂದೇ ಚೌಕಟ್ಟಿನ ಮೇಲೆ ಮೂರು ಸಣ್ಣ ಗಡಿಗೆಗಳಂತೆ ಕೂತವು. ಹಲ್ಲಣ್ಣನ ಬಾಯಲ್ಲಿ ನಿಜಕ್ಕೂ ನೀರೂರಿತು. ಎರಡೆರಡು ಇರುವವನ್ನು ಕೊಡುತ್ತೇನೆ, ಆರಿಸಿಕೊಳ್ಳಿ ಎಂದು ಪೀಪಾಯಿ ಕೈಗವಸು ಕೊಟ್ಟ. ಆ ಕೋಣೆ ಮೊದಲು ಅಮ್ಮನದಾಗಿತ್ತಂತೆ, ಬಿಸಿಲು ಬೀಳದ ಕೋಣೆ ಇದೊಂದೇ ಆದ್ದರಿಂದ ಬಣ್ಣ ಮಾಸಬಾರದೆಂದು ಇಲ್ಲಿಗೆ ಎಲ್ಲ ತಂದನಂತೆ. ಅದನ್ನು ಅವನು ಹವೆಯ ವಿಷಯ ಹೇಳುವವನಂತೆ ಹೇಳಿದ.

ಹಲ್ಲಣ್ಣ ನಾಲ್ಕನ್ನು ಆರಿಸಿದ. ಅವಕ್ಕೆ ಬಿಡಿ ಚಕ್ರ ಬೇಕೇ ಎಂದು ಪೀಪಾಯಿ ಕೆಲಸದ ಮೇಜಿನ ಮೇಲಿಂದ ಒಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಗುಲಾಬಿ ಬಣ್ಣದ, ಒಳಗೆ ಜರಡಿಯಿರುವ ಡಬ್ಬಿ. ಅಂಥ ಡಬ್ಬಿಗಳನ್ನು ಹಲ್ಲಣ್ಣ ಸಾವಿರಗಟ್ಟಲೆ ಕಂಡಿದ್ದ. ಹೊಸ ಹಲ್ಲುಸೆಟ್ಟನ್ನು ಅದರಲ್ಲಿಟ್ಟೇ ಲ್ಯಾಬಿನಿಂದ ಕಳಿಸುತ್ತಿದ್ದದ್ದು.

"ಇದು ಹಲ್ಲುಸೆಟ್ಟಿನ ಡಬ್ಬಿ ಅಲ್ವಾ ಸಾರ್?"

"ಹೌದ್ರೀ, ಅಮ್ಮಂದು. ಚಕ್ರ ನೆನೆಹಾಕೋಕೆ ಇದೇ ಸರಿಹೋಗುತ್ತೆ, ಜರಡಿ ಇದೆಯಲ್ಲ. ಹಲ್ಲನ್ನ ತೆಗೆದು ಪಕ್ಕಕ್ಕಿಟ್ಟಿದ್ದೆ, ಅದರ ಮೇಲೆ ಬಣ್ಣ ತೆಗೆಯೋ ಥಿನ್ನರ್ ಚೆಲ್ಲಿಹೋಯ್ತು. ಬೆಳಿಗ್ಗೆ ನೋಡಿದ್ರೆ ಅಗಿದು ಉಗಿದ ಬಬಲ್‌ಗಮ್ ಥರ ಆಗಿತ್ತು." ಪೀಪಾಯಿ ನಕ್ಕ.

"ಆಮೇಲೆ ಬೇರೆ ಮಾಡಿಸ್ಲಿಲ್ವಾ?"

"ಈ ವಯಸ್ಸಲ್ಲಿ ಇನ್ಯಾಕೆ? ಗಂಜಿ ಕುಡಿಯೋಕೆ ಹಲ್ಲು ಬೇಕಾ?"

ಹಲ್ಲಣ್ಣನಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ನಾಲ್ಕೂ ಟ್ಯಾಂಕರುಗಳು ಹತ್ತಿಯ ಹಾಸಿನ ಮೇಲೆ ಸಾಲಾಗಿ ಕೂತಿದ್ದವು. ಅವನ ಕೈಗಳು ಅವನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡವು. ಪೀಪಾಯಿ ಕೇಳಿದಷ್ಟು ದುಡ್ಡು ಕೊಟ್ಟು ಹೊರಬಿದ್ದ. ಹೊರಗೆ ಬಂದು ಸೈಕಲ್ಲು ಹತ್ತುವಾಗ, ಕಟುಕನ ಅಂಗಡಿಯಿಂದ ಕೈ ಒರೆಸಿಕೊಳ್ಳದೆ ಬಂದವನಂತೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಆ ಸಂಜೆ ಕಾರ್ಖಾನೆಯಿಂದ ಟ್ಯಾಂಕರ್ ರೈಲು ಹೊರಟಿತು. ತಾನು ಅಂದುಕೊಂಡದ್ದಕ್ಕಿಂತ ಅದು ಚೆನ್ನಾಗಿತ್ತು, ಆ್ಯಸಿಡ್ಡಿನ ಸಣಕಲು ಟ್ಯಾಂಕರು ಸೇತುವೆ ದಾಟುವಾಗ ಥೇಟು ನಿಜವೇ. ಆದರೆ ಎರಡು ಸುತ್ತಿನ ಮೇಲೆ ಅವನು ಸ್ವಿಚ್ಚು ಆರಿಸಿದ. ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಕೇಳಿದಾಗ ಎಲ್ಲವನ್ನೂ ಹೇಳಿದ.

ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಆಯಮ್ಮ ನಿಮ್ಮ ಹತ್ರ ಏನೋ ಅಂದ್ರಲ್ಲ, ಏನಂದ್ರು?"

"ಗೊತ್ತಾಗ್ಲಿಲ್ಲ."

"ಹಲ್ಲಿಲ್ಲದೋರ ಮಾತು ನಿಮಗೆ ಗೊತ್ತಾಗ್ಲಿಲ್ವಾ? ಯಾರಿಗೆ ಹೇಳ್ತೀರಿ?"

ಅವನಿಗೆ ಗೊತ್ತಾಗಿತ್ತು. ಮೂವತ್ತು ವರ್ಷದಿಂದ ಬೋಳು ಬಾಯಿಯ ಮಾತು ಕೇಳುತ್ತ ಬಂದವನು ಅವನು. ಮಗಳ ಹತ್ತಿರ ಮಾತಾಡಬೇಕು ಎಂದಿದ್ದಳು ಮುದುಕಿ. ಅದು ಹುಚ್ಚಿಯ ಒದರಾಟವಾಗಿರಲಿಲ್ಲ.

ಹಲ್ಲಿಲ್ಲದೆ ಅವಳು ಮಾತಾಡಿದರೆ ಮಗಳಿಗೆ ಅರ್ಥವಾಗದೆಂದು, ಮುಂದಿನ ಭಾನುವಾರ ಅವನು ಅಳತೆ ತೆಗೆಯುವ ಟ್ರೇಗಳನ್ನೂ ಮೇಣವನ್ನೂ ಅಚ್ಚಿಗೆ ಕಲಸುವ ಪುಡಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋದ. ಅಳತೆ ತೆಗೆಯುವುದು ಡಾಕ್ಟರ ಕೆಲಸ. ಆದರೆ ಲ್ಯಾಬಿಗೆ ಕೆಲಸ ಕೊಡುತ್ತಿದ್ದ ಡಾಕ್ಟರಮ್ಮ ಸಂಗತಿ ಕೇಳಿ, ಹೋಗಿ ತೆಗೆದುಕೊಂಡು ಬಾ, ತಪ್ಪಿದ್ದರೆ ನಾನು ಬಂದು ನೋಡುತ್ತೇನೆ ಎಂದಿದ್ದರು. ಇನ್ನಷ್ಟು ಟ್ಯಾಂಕರಿಗೆ ಬಂದನೆಂದುಕೊಂಡು ಪೀಪಾಯಿ ಅಗಲವಾಗಿ ಬಾಗಿಲು ತೆರೆದ. ಹಲ್ಲು ಮಾಡುವ ವಿಷಯ ಕೇಳಿ ಮುಖ ಹುಳ್ಳಗಾಯಿತು. ಬಿಟ್ಟಿ ಎಂದ ಮೇಲೆ ಸುಮ್ಮನಾದ, ಆದರೆ ಕಲಸುವ ಪುಡಿಯ ಧೂಳು ಟ್ಯಾಂಕರಿನ ಕೋಣೆಗೆ ಬರಬಾರದೆಂದು ಒಳಗೆ ಹೋಗಿ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂತ.

ಹಲ್ಲಣ್ಣ ಮೊದಲು ಬಟ್ಟಲು ತೊಳೆದಿಟ್ಟ, ಪ್ಲಾಸ್ಟಿಕ್ ಹಾಳೆ ಒರೆಸಿದ. ಒರೆಸುವಾಗ ವಾಕರಿಕೆ ತಡೆಯಲಾರದೆ ಒಮ್ಮೆ ಬಚ್ಚಲಿಗೆ ಓಡಿದ. ಮುದುಕಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿದ. ಬಾಯಿ ತೆರೆಸಿದರೆ ಒಸಡಿನ ಮೇಲೆ ಬೂಸಲಿನಂತೆ ಬಿಳಿ ಪದರ ಕಟ್ಟಿತ್ತು, ತಿಂಗಳುಗಟ್ಟಲೆ ಯಾರೂ ಆ ಬಾಯಿ ತೊಳೆದಂತಿರಲಿಲ್ಲ. ಹತ್ತಿ ಬಟ್ಟೆ ಬೆರಳಿಗೆ ಸುತ್ತಿ ಮೆಲ್ಲಗೆ ಒರೆಸಿದ. ನೋಯುತ್ತಿದ್ದರೂ ಅವಳು ಮಗುವಿನಂತೆ ಬಾಯಿ ತೆರೆದೇ ಕೂತಳು. ಕಣ್ಣು ಮಾತ್ರ ಅವನ ಮುಖ ಬಿಟ್ಟು ಕದಲಲಿಲ್ಲ. ಅಳತೆ ಮುಗಿಸಿ ಹೊರಟಾಗ ಅವನ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

ಸೆಟ್ಟು ತಯಾರಾಗುವವರೆಗೆ ಎರಡು ಸಲ ಅವನು ಹೋಗಿ ಮೇಣದ ಹಲ್ಲು ಕೂರಿಸಿ ನೋಡಿದ. ಹೋದಾಗಲೆಲ್ಲ ಹೆಂಡತಿ ಕೊಟ್ಟ ಒಗೆದ ಹಾಸು ಬದಲಿಸಿ ಬರುತ್ತಿದ್ದ, ಮುಂದಿನ ಸಲ ಹೋದರೆ ಅದಕ್ಕೂ ಅದೇ ಗತಿಯಾಗಿರುತ್ತಿತ್ತು. ಬೆಳಿಗ್ಗೆ ಒಬ್ಬಳು ಬಂದು ಗಂಜಿ ಇಟ್ಟು ಹೋಗುತ್ತಾಳೆ, ಅದಕ್ಕಿಂತ ಹೆಚ್ಚು ಏನು ಮಾಡಲಿ ಎಂದು ಪೀಪಾಯಿ ಕೇಳಿದ.

ಕೊನೆಯ ದಿನ ಹಲ್ಲಣ್ಣ ಸೆಟ್ಟಿನ ಜೊತೆಗೆ ನಾಲ್ಕು ಟ್ಯಾಂಕರುಗಳನ್ನೂ ಒಯ್ದ. ಅವನ್ನು ಮೇಜಿನ ಮೇಲಿಟ್ಟು, ಇವು ತನಗೆ ಬೇಡ ಎಂದ. ಪೀಪಾಯಿ ಕಾರಣ ಕೇಳಲಿಲ್ಲ. ಭೂತಗನ್ನಡಿ ತೆಗೆದು, ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ಒಂದೊಂದನ್ನೇ ತಿರುಗಿಸಿ ನೋಡತೊಡಗಿದ. ಅದೇ ಹೊತ್ತಿಗೆ ಓಣಿಯಲ್ಲಿ ಹಲ್ಲಣ್ಣ ಕೂರಿಸಿದ ಹೊಸ ಹಲ್ಲನ್ನು ಮುದುಕಿ ಕಚ್ಚಿ, ಬಿಟ್ಟು, ನಾಲಿಗೆಯಿಂದ ತಡವಿ ನೋಡಿದಳು. ಕುಗ್ಗಿದ್ದ ತುಟಿಗಳು ಎದ್ದು ನಿಂತು ಅಲ್ಲೊಂದು ಹೆಣ್ಣುಮಗಳ ಮುಖ ಕಾಣಿಸಿಕೊಂಡಿತು. ಮೊದಲ ಮಾತು ಸ್ವಲ್ಪ ತೊಡರಿತು. ಎರಡನೆಯದು ನೆಟ್ಟಗೆ ಬಂತು.

"ಒಂದು ಫೋನ್ ಮಾಡಿಕೊಡಪ್ಪ."

ಮಗಳ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಹಲ್ಲಣ್ಣ ತನ್ನ ಫೋನಿನಿಂದಲೇ ಹಚ್ಚಿ ಅವಳ ಕಿವಿಗೆ ಹಿಡಿದ. ಆ ಕಡೆಯವಳು ಮೊದಲು ಯಾರೆಂದು ಗುರುತು ಹಿಡಿಯಲಿಲ್ಲ. ಅಮ್ಮನಿಗೆ ಬುದ್ಧಿ ಹೋಗಿದೆ, ಮಾತಾಡಿಸಿ ಪ್ರಯೋಜನವಿಲ್ಲ ಎಂದು ಅಣ್ಣ ಹೇಳಿದ್ದನಂತೆ, ಫೋನಿನಲ್ಲಿ ಕೇಳಿಸುತ್ತಿದ್ದ ಬ್ಯಾ ಬ್ಯಾ ಸದ್ದು ಅದನ್ನು ನಿಜ ಮಾಡಿತ್ತಂತೆ.

"ನಾನೇ ಕಣೇ," ಎಂದಳು ಮುದುಕಿ. "ನನಗೇನೂ ಆಗಿಲ್ಲ. ಉಚ್ಚೆಯಲ್ಲಿ ಮಲಗಿದ್ದೀನಿ. ಬಂದು ಕರ್ಕೊಂಡು ಹೋಗು."

ಆ ಕಡೆಯಿಂದ ಅಳು ಕೇಳಿಸಿತು.

ಮಗಳು ಮರುದಿನವೇ ಗಂಡನ ಜೊತೆ ವ್ಯಾನು ಮಾಡಿಕೊಂಡು ಬಂದಳು. ಹಲ್ಲಣ್ಣ ಆಗ ಅಲ್ಲಿರಲಿಲ್ಲ. ಆಕೆಯೇ ಸಂಜೆ ಫೋನು ಮಾಡಿ ಹೇಳಿದಳು. ಅಮ್ಮನನ್ನು ಎತ್ತುವಾಗ ಬೆನ್ನಿನ ಚರ್ಮ ಹಾಳೆಗೆ ಅಂಟಿಕೊಂಡಿತ್ತಂತೆ. ಈಗ ಆಸ್ಪತ್ರೆಯಲ್ಲಿದ್ದಾಳೆ, ಹುಣ್ಣು ಮಾಯಲು ದಿನ ಹಿಡಿಯುತ್ತದೆ, ಆದರೆ ಆಗಲೇ ಬಿಸ್ಕತ್ತು ಕಡಿದು ತಿಂದಳು, ನರ್ಸಿಗೆ ಬೈದಳು ಎಂದಳು. ಅಣ್ಣ ತನ್ನ ಟ್ಯಾಂಕರಿನ ಕೋಣೆಯ ಬಾಗಿಲಲ್ಲಿ ನಿಂತು, ಮಂಚ ಎತ್ತುವವರಿಗೆ ಗಾಜಿನ ಕಪಾಟಿಗೆ ತಾಗಿಸಬೇಡಿ ಎಂದಷ್ಟೇ ಹೇಳಿದ್ದನಂತೆ. ಅದನ್ನು ಹೇಳುವಾಗ ಆಕೆಗೆ ಸಿಟ್ಟು ಬಂದಿರಲಿಲ್ಲ, ಏನೋ ಹೊಲಸು ತುಳಿದವಳ ದನಿ ಅದು.

ಒಂದು ವಾರದ ಮೇಲೆ ಪೀಪಾಯಿಯ ಫೋನು ಬಂತು. ಹಲ್ಲಣ್ಣ ಲ್ಯಾಬಿನಲ್ಲಿ ಯಾರದೋ ಸೆಟ್ಟಿಗೆ ಹೊಳಪು ಕೊಡುತ್ತಿದ್ದ. ಪೀಪಾಯಿಯ ದನಿಯಲ್ಲಿ ಉತ್ಸಾಹವಿತ್ತು. ಬಹಳ ದಿನದಿಂದ ಬೆನ್ನು ಹತ್ತಿದ್ದ ಒಂದಿಷ್ಟು ಟ್ಯಾಂಕರು ಕೈಗೆ ಸಿಕ್ಕಿವೆ, ಓಣಿಯಲ್ಲಿ ಹೊಸ ಕಪಾಟು ಹೊಡೆಸಿದ್ದೇನೆ, ಮೊದಲು ನೀವೇ ಬಂದು ನೋಡಬೇಕು ಎಂದ. ಬೇಕಾದರೆ ಆ ನಾಲ್ಕನ್ನೂ ದುಡ್ಡು ತೆಗೆದುಕೊಳ್ಳದೆ ಕೊಡುವೆನೆಂದ.

"ನಾನು ಬರಲ್ಲ," ಎಂದ ಹಲ್ಲಣ್ಣ.

"ಯಾಕ್ರೀ?"

"ವಾಕರಿಕೆ ಬರುತ್ತೆ."

"ಅಯ್ಯೋ, ಅದಾ? ಮೂರು ಸಲ ಫಿನಾಯಿಲ್ ಹಾಕಿ ತೊಳೆಸಿದ್ದೀನ್ರೀ. ಈಗ ಒಂದು ಚೂರೂ ವಾಸನೆ ಇಲ್ಲ, ಬನ್ನಿ."

ಹಲ್ಲಣ್ಣ ಫೋನು ಕೆಳಗಿಟ್ಟು, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದುಕೊಂಡು, ಮತ್ತೆ ಕೆಲಸಕ್ಕೆ ಕೂತ.