ಕೆಂದನ ಬಾಲದ ಪೆಟ್ಟು

ಮಸ್ಕಿಯ ಆದೆಪ್ಪನಿಗೆ ಕೆಂದ ಎಂದರೆ ಪ್ರಾಣ. ಕೆಂದ ಅಂದರೆ ಅವನ ಎತ್ತು. ಅದರ ಕೋಡೇನು, ಬೆನ್ನ ಮೇಲಿನ ಹಿಣಿಲೇನು, ಹೆಜ್ಜೆ ಹಾಕುವ ಠೀವಿಯೇನು! ನಿಜಾಮನ ಸೀಮೆಯಲ್ಲೇ ಇಂಥದ್ದು ಇನ್ನೊಂದಿಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದ, ರಾಯಚೂರನ್ನೂ ದಾಟದ ಈ ಮಹಾರಾಯ.

ಆ ಸಲ ಸುಗ್ಗಿಯಲ್ಲಿ ಕಣದೊಳಗೆ ಜೋಳದ ತೆನೆ ಹರವಿ ಎತ್ತುಗಳಿಂದ ತುಳಿಸುತ್ತಿದ್ದರು. ಆದೆಪ್ಪ ಹಿಂದೆ ಹಿಂದೆಯೇ ಸುತ್ತುತ್ತಿದ್ದ. ನೊಣದ ಕಾಟ ತಾಳದೆ ಕೆಂದ ಬಾಲ ಬೀಸಿತು ನೋಡಿ, ಬಾಲದ ಕುಚ್ಚು ಅವನ ಬಲಗಣ್ಣಿಗೇ ಬಡಿಯಿತು. ಕಣ್ಣಿಗೆ ಖಾರ ಎರಚಿದ ಹಾಗಾಯಿತು.

“ಏನಾತಲೇ?” ಎಂದು ದೊಡ್ಡಪ್ಪ ಮುದುಕಪ್ಪ ಕೂಗಿದ.

“ಹೊಟ್ಟು ಬಿತ್ತು, ದೊಡ್ಡಪ್ಪಾ.”

ಹಸೀ ಸುಳ್ಳು! ಆದರೆ ನಿಜ ಹೇಳುವ ಹಾಗಿರಲಿಲ್ಲ. ಸಾಕಿದವನಿಗೇ ಗಾಯ ಮಾಡಿದ ಎತ್ತು ಮನೆಗೆ ಆಗಿಬರುವುದಿಲ್ಲ ಎಂಬುದು ಮುದುಕಪ್ಪನ ಹಟ. ಹಿಂದೊಮ್ಮೆ ಗುಮ್ಮಿದ ಹೋರಿಯನ್ನು ಮರುಸಂತೆಗೇ ಅಟ್ಟಿದ್ದ. ಮನೆಯ ಯಜಮಾನಿಕೆ ಅವನದೇ. ಗೊತ್ತಾದರೆ ಕೆಂದನೂ ಸಿಂಧನೂರಿನ ಸಂತೆಯ ದಾರಿ ಹಿಡಿಯಬೇಕಾಗುತ್ತಿತ್ತು.

ಆದೆಪ್ಪ ಬಾಯಿ ಹೊಲಿದುಕೊಂಡ. ಓಣಿಯ ಹೆಂಗಸರು ಹೇಳಿದ ಸೊಪ್ಪಿನ ರಸವನ್ನೆಲ್ಲ ಹಿಂಡಿಸಿಕೊಂಡ. ಕಣ್ಣು ಕೆಂಪಾಗಿ ಊದಿತು, ಕರಿಗುಡ್ಡೆಯ ಮೇಲೆ ಬೆಳ್ಳಗೆ ಏನೋ ಕಟ್ಟಿತು. ಹೆಂಡತಿ ಯಮನೂರಮ್ಮ ಅಳುತ್ತ, “ಕಣ್ಣು ಕೊಳಿಯಾಕತ್ತೈತಿ, ಇನ್ನೂ ಸುಮ್ಮನ ಕುಂತೀರಲ್ಲ!” ಎಂದು ರೇಗಿದ ಮೇಲೆ ಮುದುಕಪ್ಪನೇ ಬಂಡಿ ಕಟ್ಟಿದ. ಲಿಂಗಸುಗೂರಿನ ದವಾಖಾನೆಯವರೆಗೆ ಬಂಡಿ ಎಳೆದದ್ದೂ ಕೆಂದನೇ.

ಡಾಕ್ಟರು ಅಮೀನ್‌ಸಾಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಏನು ಬಡೀತು?”

“ಹೊಟ್ಟುರೀ.”

“ಸುಳ್ಳು. ಹೊಟ್ಟು ಚುಚ್ಚತೈತಿ. ಇದು ಬೀಸಿ ಹೊಡದ ಗೀರು. ಬರೇ ಕೀವಿದ್ರ ಒಂದು ಔಷಧ. ಹಳಸಿದ ರೊಟ್ಟಿ ಮ್ಯಾಲೆ ಬೆಳೀತೈತಲ್ಲ, ಬೂಷ್ಟು, ಅದಾಗಿದ್ರ ಕೆರೆದು ತೆಗೀಬೇಕು. ಬಡದಿದ್ದು ಏನಂತ ನಿಜ ಹೇಳು. ತಪ್ಪಿದ್ರ ಕಣ್ಣು ಹೋಗತೈತಿ.”

ಬಾಗಿಲಲ್ಲಿ ಮುದುಕಪ್ಪ ನಿಂತಿದ್ದ. ಆದೆಪ್ಪ ಅತ್ತ ನೋಡಿದ. ಕಣ್ಣು ಬೇಕು, ಕೆಂದನೂ ಬೇಕು. ಇಷ್ಟು ದಿನ ಆ ಎತ್ತಿನ ಹೆಸರಲ್ಲಿ ಎದೆಯುಬ್ಬಿಸಿ ತಿರುಗಿದವನು ಈಗ ಅದನ್ನು ಕಳ್ಳನ ಹಾಗೆ ಬಚ್ಚಿಡುವುದೇ? ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

“ನನ್ನ ಎತ್ತಿನ ಬಾಲರೀ!” ಎಂದ ಜೋರಾಗಿ. “ನೊಣಕ್ಕ ಬೀಸೇತಿ, ನನಗಲ್ಲ. ಕಣ್ಣು ಹೋದ್ರ ಹೋಗಲಿ, ನನ್ನ ಕೆಂದನ ಹೆಸರು ಮಾತ್ರ ಕೆಡಬಾರದು.”

ಮುದುಕಪ್ಪನ ಮುಖ ಕಪ್ಪಿಟ್ಟಿತು. ಅಮೀನ್‌ಸಾಬರು ಮಾತ್ರ ಕೇಳುತ್ತಲೇ ಹೋದರು. “ಅದು ಮಲಗೋ ಜಾಗ ಹೆಂಗೈತಿ?”

“ಅಕಾಲದ ಮಳಿಗೆ ಕೆಳಗ ಹಾಸಿದ ಹೊಟ್ಟು ತೊಯ್ದು ಮುಗ್ಗಾಗೈತ್ರಿ.”

“ಅದರ ಮ್ಯಾಲೇ ಮಲಗಿಸಿದಿ. ಆ ಬೂಷ್ಟು ಬಾಲಕ್ಕ ಹತ್ತೇತಿ, ಬಾಲದಿಂದ ಗೀರಿನಾಗ ಇಳದೈತಿ. ಮ್ಯಾಲಿಂದ ಸೊಪ್ಪಿನ ರಸ ಬ್ಯಾರೆ! ಕೊಟ್ಟಿಗಿ ಕಸ ತೆಗೆಯೋರು ಯಾರು?”

“ನಾನರೀ.”

“ಹಂಗಾದ್ರ ತಪ್ಪು ಎತ್ತಿಂದಲ್ಲ. ನಿಂದು.”

ಬೈಸಿಕೊಂಡು ಇಷ್ಟು ಹಿಗ್ಗಿದವನನ್ನು ಆ ದವಾಖಾನೆ ಕಂಡಿರಲಿಕ್ಕಿಲ್ಲ. “ಕೇಳಿದೇನು ದೊಡ್ಡಪ್ಪಾ? ತಪ್ಪು ನಂದಂತ!” ಎಂದು ಒಂದೇ ಕಣ್ಣಲ್ಲಿ ನಗುತ್ತ ಕೂಗಿದ. ಅಮೀನ್‌ಸಾಬರು ಕಣ್ಣು ಕೆರೆದು ಉರಿಯುವ ಔಷಧ ಮುಟ್ಟಿಸಿದರು. ಆದೆಪ್ಪ ಹಲ್ಲು ಕಚ್ಚಿ ಕೂತ. ಆಮೇಲೆ ಎಷ್ಟೋ ಸಲ ಬಂಡಿ ಲಿಂಗಸುಗೂರಿಗೆ ಹೋಗಿಬಂತು. ಕಣ್ಣು ಉಳಿಯಿತು, ಬಿಳಿ ಕಲೆಯೊಂದು ನಿಂತಿತು, ದೃಷ್ಟಿ ತುಸು ಮಂಜಾಯಿತು.

ಮುದುಕಪ್ಪ ಮಳೆಗಾಲಕ್ಕೆ ಮೊದಲು ಕಾಳು ಮಾರಲು ಬಂಡಿ ಕಟ್ಟಿಕೊಂಡು ಸಿಂಧನೂರಿನ ಸಂತೆಗೆ ಹೊರಟಾಗ ಕೆಂದನನ್ನು ಮಾರಿಯೇ ಬರುತ್ತಾನೇನೋ ಎಂದು ಹೆದರಿ ಆದೆಪ್ಪ ತಾನೂ ಬಂಡಿ ಹತ್ತಿದ. ಹೆದರಿದ ಹಾಗೇ ದಲಾಲಿಯೊಬ್ಬ ಕೆಂದನ ಬೆನ್ನು ಸವರಿ ಹಲ್ಲು ಕಿರಿದ.

“ಒಡೆಯನ ಕಣ್ಣು ತಿಂದ ಎತ್ತಂತಲ್ಲ ಇದು? ಅಗ್ಗಕ್ಕ ಕೊಟ್ಟುಬಿಡ್ರಿ.”

ಮುದುಕಪ್ಪ ಅವನ ಕೈಯನ್ನು ಎತ್ತಿನ ಮೇಲಿಂದ ಕಿತ್ತು ತೆಗೆದ.

“ನಮ್ಮ ಹುಡುಗ ಕಸ ಹೊಡೀಲಿಲ್ಲ, ಅದಕ್ಕ ನಾ ಇಂಥ ಎತ್ತು ಮಾರಲೇನು? ಹೋಗೋ ಸಾಕು!”