ರೈಟರ ಮುಚ್ಚಳಿಕೆ

ಧಪ್ಪೆಂದು ಇನ್ನೊಂದು ಮೂಟೆ ಲಾರಿಯೊಳಕ್ಕೆ ಬಿತ್ತು, ಜಗಲಿ ಅದುರಿತು, ಲಿಂಗಯ್ಯನಾದ ನಾನು ಎಂದು ಬರೆಯುತ್ತಿದ್ದವನ ಕೊನೆಯ ನು ಸಾಲು ಬಿಟ್ಟು ಕೆಳಕ್ಕೆ ಜಾರಿತು, ಜಾರಲಿ, ಮುಚ್ಚಳಿಕೆಗೆ ಅಂದ ಬೇರೆ ಕೇಡು — ಪಿರಿಯಾಪಟ್ಟಣದ ತಾಲ್ಲೂಕು ಕಚೇರಿಯ ಎದುರು, ಅರ್ಜಿ ಬರೆಯುವ ಇದೇ ನಂಜಯ್ಯನವರ ಜಗಲಿಯ ಮೇಲೆ ಕೂತು ಆರು ವರ್ಷ ಕಂಡಕಂಡವರ ಅರ್ಜಿಯನ್ನೆಲ್ಲ ಬರೆದ ಕೈ, ಇವತ್ತು ತನ್ನದೇ ಒಂದು ಹಾಳೆ ಬರೆಯುವುದಕ್ಕೆ ಇಷ್ಟು ಹೆಣಗುವುದೇ, ಥೂ. ಮೂಟೆ ಏರ್ಸೋ ಅಷ್ಟ್ರಲ್ಲಿ ಬರ್ದು ಮಡಗು ಕಣಯ್ಯ, ಅಂದು ಹೋಗಿದ್ದಾರೆ ಕೊಡಗಿನ ಕಾಫಿ ತೋಟದ ಕಾರುಬಾರಿನ ಪುಟ್ಟಮಲ್ಲಪ್ಪನವರು, ಮೊದ್ಲಿದ್ದ ರೈಟ್ರು ಕೂಲಿ ಲೈನಿನ ಇಸ್ಯನೆಲ್ಲ ಪೇಪರ್‌ಗೆ ಬರ್ದು ದೊರೆ ಮಾನ ಕಳ್ದುಬುಟ್ಟ, ಅದ್ಕೇ ಇನ್ಮೇಕೆ ಕತೆ ಗಿತೆ ಏನೂ ಬರಿಯಾಕಿಲ್ಲ ಅಂತ ನಿನ್ ಕೈಯಾರೆ ಬರ್ಕೊಡು, ನಿಮ್ಮವ್ವನ ಸಾಕ್ಷಿ ಹಾಕ್ಸು, ಲಾರಿ ಹತ್ತು, ಮುಗೀತು. ಮುಗೀತು, ಎಷ್ಟು ಸಲೀಸಾಗಿ ಅಂದುಬಿಟ್ಟರು, ಅಂಗಡಿ ಮುಂದೆ ಇನ್ನು ಹದಿನೈದೋ ಇಪ್ಪತ್ತೋ ಮೂಟೆ ಇವೆ, ಅಕ್ಕಿ, ಉಪ್ಪು, ಒಣಮೀನು, ಅವೆಲ್ಲ ಲಾರಿ ಸೇರುವುದರೊಳಗೆ ಅವನು ಕಥೆಗಾರನಾಗಿ ಉಳಿಯಬೇಕು, ಇಲ್ಲ ರೈಟರಾಗಬೇಕು.

ರೈಟರು — ಈ ಮಾತೇ ಎಂಥ ತಮಾಷೆ ನೋಡು, ಬೆಳಗ್ಗೆ ಎದ್ದು ಕೂಲಿಯಾಳುಗಳ ಹಾಜರಿ ಕೂಗುವವನು, ಯಾರು ಬಂದರು ಯಾರು ಚಕ್ಕರ್ ಹೊಡೆದರು ಅಂತ ಪುಸ್ತಕದಲ್ಲಿ ಗೀಟು ಎಳೆಯುವವನು ತೋಟದಲ್ಲಿ ರೈಟರು, ಇಂಗ್ಲಿಷಿನಲ್ಲಿ ಕಥೆ ಬರೆಯುವವನಿಗೂ ಅದೇ ಹೆಸರಂತೆ, ನಂಜಯ್ಯನವರು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಲೇ ಲಿಂಗಯ್ಯ, ನಿನ್ ಹಣೇಲಿ ರೈಟ್ರು ಅಂತ ಬರೆದ ಬ್ರಹ್ಮ ಯಾವ ರೈಟ್ರು ಅಂತ ಬರೆಯೋದ್ ಮರೆತ ಕಣೋ. ಅವ್ವನಿಗೆ ಇದ್ಯಾವುದೂ ಬೇಕಿಲ್ಲ, ಅವನ ಟ್ರಂಕಿನ ಪಕ್ಕ ಕಾಲು ಚಾಚಿ ಕೂತು ಹೋಗಿಬರುವವರನ್ನೆಲ್ಲ ಕರೆದು ಹೇಳುತ್ತಿದ್ದಾಳೆ, ನನ್ ಮಗಂಗೆ ರೈಟ್ರು ಕೆಲ್ಸ ಆಯ್ತು ಕಣಕ್ಕೋ, ಹೇಳುತ್ತಲೇ ಕೆಮ್ಮುತ್ತಾಳೆ, ಕೆಮ್ಮುತ್ತಲೇ ನಗುತ್ತಾಳೆ, ಹನ್ನೆರಡು ವರ್ಷ ಸಾಹುಕಾರರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಕಟ್ಟಿ ಎದೆಯೊಳಗೆ ಮನೆ ಮಾಡಿಕೊಂಡ ಕೆಮ್ಮು ಅದು. ಇನ್ನು ಸೊಪ್ಪಿನ ಹತ್ತಿರ ಸುಳಿಯಕೂಡದು ಅಂತ ಡಾಕ್ಟರು ಹೇಳಿದ್ದಾರೆ, ಅವರಿಗೇನು, ಹೇಳುತ್ತಾರೆ, ಸುಳಿಯದಿದ್ದರೆ ಒಲೆ ಉರಿಯಬೇಕಲ್ಲ, ಅರ್ಜಿಯ ಚಿಲ್ಲರೆಯಿಂದ ಉರಿಯುವ ಒಲೆಯೇ ಅದು, ಇನ್ನು ಕಥೆಯಿಂದಂತೂ — ಕಥೆಯಿಂದ ಒಂದು ಸೇರು ರಾಗಿ ಬಂದದ್ದುಂಟೇ, ಹನ್ನೊಂದು ಕಥೆ ಅಚ್ಚಾದವು, ಹತ್ತಕ್ಕೆ ಪತ್ರಿಕೆಯ ಒಂದೊಂದು ಪ್ರತಿ ಬಂತು, ಒಂದಕ್ಕೆ ಮಾತ್ರ ಮನಿಯಾರ್ಡರು, ಅದೂ ಆ ಹಕ್ಕಿಯ ದೆಸೆಯಿಂದ.

ಅಯ್ಯೋ ಆ ಹಕ್ಕಿ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ, ಹಸುವಿಗೆ ಅಸು ಅಂದದ್ದಕ್ಕೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿ, ಹ ಅನ್ನೋ, ಹೊಟ್ಟೆಯಿಂದ ಅನ್ನೋ, ಅಂತ ಬೆತ್ತ ಬೀಸುತ್ತಿದ್ದಾರೆ, ಇಡೀ ಕ್ಲಾಸು ನಗುತ್ತಿದೆ, ಆವತ್ತಿನಿಂದ ಅ ಕಂಡಲ್ಲೆಲ್ಲ ಅವನಿಗೆ ಅನುಮಾನ, ಇಲ್ಲೂ ಒಂದು ಹ ನುಂಗಿಬಿಟ್ಟೆನೋ ಏನೋ, ಯಾಕೆ ಬೇಕು ಪೀಕಲಾಟ, ಹಾಕಿಬಿಡು ಒಂದು ಹ. ಕಥೆಯಲ್ಲಿ ಬರೆಯಬೇಕಾಗಿದ್ದದ್ದು ಇಷ್ಟೇ, ತಾಯಿ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಾ ಕೂತಿದ್ದಳು. ಬರೆದು ಕಳಿಸಿದ್ದು, ತಾಯಿ ಮೊರ ಮುಂದಿಟ್ಟುಕೊಂಡು ಹಕ್ಕಿ ಹಾರಿಸುತ್ತಾ ಕೂತಿದ್ದಳು. ಅಚ್ಚಿನಲ್ಲಿ ಕಂಡಾಗ ಮೊಳೆ ಜೋಡಿಸುವವರ ಕೆಲಸವಿರಬೇಕು ಅಂತ ಬಯ್ದುಕೊಂಡು ಮನೆಯ ಕರಡು ತೆಗೆದು ನೋಡಿದರೆ ತನ್ನದೇ ಅಕ್ಷರ, ಗುಂಡಗೆ, ಮುದ್ದಾಗಿ, ಎರಡೆರಡು ಹ. ವಾರಕ್ಕೆ ಸಂಪಾದಕರ ಕಾರ್ಡು ಬಂತು, ಬರಿದಾದ ಮೊರದಿಂದ ಬಡತಾಯಿ ಹಕ್ಕಿ ಹಾರಿಸುವ ತಮ್ಮ ಕಲ್ಪನೆಗೆ ಓದುಗರು ಮಾರುಹೋಗಿದ್ದಾರೆ, ಇಂಥದ್ದೇ ಇನ್ನೊಂದು ಕಳಿಸಿ, ಐದು ರೂಪಾಯಿ ಮನಿಯಾರ್ಡರು ಮಾಡಿದೆ. ಇಂಥದ್ದೇ ಇನ್ನೊಂದು ಎಲ್ಲಿಂದ ತರುವುದು ಸ್ವಾಮಿ, ಬೇಕೆಂದು ತಪ್ಪು ಮಾಡಲು ಕೂತರೆ ತಪ್ಪೂ ಆಗುವುದಿಲ್ಲ, ತಿದ್ದಿ ತೀಡಿ ಬರೆದ ಹತ್ತಕ್ಕೆ ಒಬ್ಬನೂ ಕಾರ್ಡು ಹಾಕಲಿಲ್ಲ, ಬೆತ್ತದ ಭಯ ಬರೆದದ್ದಕ್ಕೆ ಐದು ರೂಪಾಯಿ, ಹಾಗಾದರೆ ಇಷ್ಟು ದಿನ ತಾನು ಬರೆದದ್ದಾದರೂ ಏನು, ಅದನ್ನು ಬಿಡುತ್ತೇನೆ ಅಂದರೆ ಬಿಟ್ಟಂತಾಗುವುದಾದರೂ ಏನು. ಅಚ್ಚಾದದ್ದನ್ನು ಅವ್ವನಿಗೆ ಮತ್ತೆ ಓದಿ ಹೇಳಿದಾಗ ಅವಳು ಹುಬ್ಬು ಕೂಡ ಏರಿಸಲಿಲ್ಲ, ಅವಳ ಬಾಯಲ್ಲಿ ಎರಡೂ ಒಂದೇ, ಊಂ ಕಣ್ಲಾ, ದಿನಾ ಅಕ್ಕಿ ಆರ್ಸ್ತೀನಲ್ಲ, ಅದ್ರಾಗೇನದೆ ಮಾ ಇಸೇಸ, ಮುಂದಕ್ಕೆ ಓದು, ಅಂದಿದ್ದಳು.

ಇನ್ನು ಎಂಟು ಮೂಟೆ. ಬೇರೆ ಹೆಸರಿನಲ್ಲಿ ಬರೆದರೆ, ಯಾರಿಗೆ ಗೊತ್ತಾಗುತ್ತದೆ, ತೋಟದ ಟಪ್ಪಾಲು ಚೀಲ ಪುಟ್ಟಮಲ್ಲಪ್ಪನವರ ಕೈಯಿಂದಲೇ ಬರುವುದು ಹೋಗುವುದು, ಅವರಿಗೆ ಗೊತ್ತಾಗುತ್ತದೆ, ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ — ಪೆಟ್ಟಿಗೆಗೆ ಬರೆಯುವುದೂ ಒಂದು ಬರೆಯುವುದೇ. ಬ್ಯಾರನ್ನಿನ ಹೆಂಗಸರದು ಒಂದು ಬರೆಯಬೇಕು ಅಂತಿತ್ತು, ಕುಳ್ಳಮ್ಮ ಸೊಪ್ಪು ಕಟ್ಟುತ್ತಾ ಕಟ್ಟುತ್ತಾ ಹಾಡು ಕಟ್ಟಿ ಸಾಹುಕಾರನನ್ನು ಬಯ್ಯುವುದು, ಸಾಹುಕಾರ ಬಂದರೆ ಅದೇ ರಾಗದಲ್ಲಿ ದೇವರ ಹೆಸರು ಸೇರಿಸಿಬಿಡುವುದು, ಅದು ಹಕ್ಕಿಯಂಥ ತಪ್ಪಲ್ಲ, ಅದು ಅವನು ಕಣ್ಣಾರೆ ಕಂಡದ್ದು, ಅವನು ಬರೆಯದಿದ್ದರೆ ಅದನ್ನು ಇನ್ಯಾವ ಮಹಾನುಭಾವ ಬಂದು ಬರೆಯುತ್ತಾನೆ, ಹೊಟ್ಟೆಯೊಳಗೆ ಎಷ್ಟೋ ದಿನದಿಂದ ಕೂತಿದೆ, ಕೂತುಕೊಂಡೇ ಸಾಯಲಿ ಅನ್ನುವುದೇ. ಸಾಯಲಿ, ಅವ್ವ ಸಾಯುವುದಕ್ಕಿಂತ ಅದು ಸಾಯಲಿ. ಅಂದುಕೊಂಡದ್ದೇ ತಡ ಅಳು ಬಂತು, ಹಾಳಾದ ಅಳು, ಟವೆಲ್ಲಿನಿಂದ ಬೆವರು ಒರೆಸಿಕೊಂಡಂತೆ ಮಾಡಿ ಒರೆಸಿಕೊಂಡ, ಆ ಕಡೆ ನಂಜಯ್ಯನವರು ಯಾರದೋ ಜಮೀನಿನ ಪೋಡಿ ಅರ್ಜಿ ಬರೆಯುತ್ತಾ ತಲೆ ಎತ್ತದೆ, ಬರೆದುಬಿಡು ಲಿಂಗಯ್ಯ, ಯೋಚನೆ ಮಾಡಿದಷ್ಟೂ ಮಸಿ ಒಣಗ್ತದೆ, ಅಂದರು.

ಬರೆದ. ಇನ್ನು ಮುಂದೆ ಯಾವುದೇ ಪತ್ರಿಕೆಗೆ ಕಥೆ, ಲೇಖನ, ಪದ್ಯ ಮುಂತಾಗಿ ಏನನ್ನೂ ಬರೆಯತಕ್ಕದ್ದಲ್ಲವೆಂದೂ, ನನಗಿದ್ದ ಕಥೆ ಬರೆಯುವ — ಇಲ್ಲಿ ಪೆನ್ನು ನಿಂತಿತು, ಪುಟ್ಟಮಲ್ಲಪ್ಪನವರು ಹೇಳಿದ್ದು ಅವ್ಯಾಸ ಅಂತ, ಅಭ್ಯಾಸವೋ ಹವ್ಯಾಸವೋ, ಅಲ್ಲಿಯೂ ಒಂದು ಹ ಕಾದು ಕೂತಿದೆಯಲ್ಲಪ್ಪ, ಬಿಡುವುದು ಯಾವುದನ್ನು, ದಿನವೂ ಮಾಡಿ ಮಾಡಿ ಮೈಗೆ ಹತ್ತಿದ್ದನ್ನೋ, ಬಿಡುವಿದ್ದಾಗ ಸಂತೋಷಕ್ಕೆ ಮಾಡಿದ್ದನ್ನೋ, ಹವ್ಯಾಸ ಅಂದರೆ ಇಸ್ಪೀಟಾಡಿದಂತೆ ಆಯಿತು, ಅಭ್ಯಾಸ ಅಂದರೆ ಬೀಡಿ ಸೇದಿದಂತೆ, ಎರಡೂ ಅಲ್ಲ, ಅದಕ್ಕೆ ಇರುವ ಸರಿಯಾದ ಮಾತು ಅವನಿಗೆ ಗೊತ್ತಿಲ್ಲ, ಗೊತ್ತಿಲ್ಲದೆ ಅದನ್ನೇ ಬರೆದುಕೊಡುತ್ತಿದ್ದಾನೆ. ಕೊನೆಗೆ ಅಭ್ಯಾಸ ಹವ್ಯಾಸಗಳನ್ನು ಅಂತ ಎರಡನ್ನೂ ಬರೆದ, ಯಾವುದೂ ಉಳಿಯದಂತೆ, ಕೈಬಿಟ್ಟಿರುತ್ತೇನೆ ಅಂತ ಮುಗಿಸಿ ಸಹಿ ಹಾಕಿದ.

ಏನ್ ಬರ್ದೆ, ಓದ್ಲಾ ಮಗ, ಅಂದಳು ಅವ್ವ ಪಕ್ಕಕ್ಕೆ ಸರಿದು, ಸೆರಗು ಕಿವಿಯ ಹಿಂದಕ್ಕೆ ಸರಿಸಿ, ಕಥೆ ಕೇಳುವುದಕ್ಕೆ ಅವಳು ಹೀಗೆಯೇ ಕೂರುವುದು, ಹನ್ನೊಂದನ್ನೂ ಹೀಗೆಯೇ ಕೇಳಿದ್ದು, ಲೋಕ ಓದುವುದಕ್ಕೆ ಮುಂಚೆ. ಅವನು ಬಾಯಿ ತೆರೆದ, ಹಾಳೆಯಲ್ಲಿದ್ದದ್ದು ಬರಲಿಲ್ಲ, ಬೇರೆಯದೇ ಬಂತು, ಲಿಂಗಯ್ಯನಾದ ನಾನು ಬರೆದುಕೊಡುವುದೇನೆಂದರೆ, ನನ್ನ ತಾಯಿ ಸಣ್ಣತಾಯಮ್ಮನವರು ಇನ್ನು ಮುಂದೆ ಬ್ಯಾರನ್ನಿನ ಕಡೆ ತಲೆ ಹಾಕಿಯೂ ಮಲಗತಕ್ಕದ್ದಲ್ಲ, ಮೈಮೇಲೆ ಬಿಸಿಲು ಬೀಳುವ ತನಕ ಎದ್ದೇಳತಕ್ಕದ್ದಲ್ಲ, ಎದ್ದ ಮೇಲೆ ತೋಟದ ಕಾಫಿಗೆ ಬೆಲ್ಲ ಹಾಕಿ ಎರಡು ಲೋಟ ಕುಡಿದು ಕುಳ್ಳಮ್ಮನನ್ನು ಕೂಗಿ ಅವಳಿಗೂ ಒಂದು ಲೋಟ ಕೊಡತಕ್ಕದ್ದು — ಓದುತ್ತಾ ಓದುತ್ತಾ ಅವನಿಗೇ ಗೊತ್ತಾಯಿತು, ಇದು ಕಥೆ, ಸಹಿಯ ಮಸಿ ಆರುವ ಮೊದಲೇ ಮತ್ತೆ ಶುರುವಾಗಿದೆ. ಅವ್ವ ಊಂ ಊಂ ಅನ್ನುತ್ತಿದ್ದಳು, ಮುಗಿದ ಮೇಲೆ ಎಲ್ಲ ಕಥೆಗೂ ಅನ್ನುವಂತೆ, ಚೆನ್ನಾಗದೆ ಕಣ್ಲಾ, ಅಂದಳು. ಪುಟ್ಟಮಲ್ಲಪ್ಪನವರು ನಂಜಯ್ಯನವರ ಮಸಿ ಪ್ಯಾಡು ತೆಗೆದುಕೊಂಡು ಬಂದರು, ಒತ್ತಮ್ಮ ಇಲ್ಲಿ ಹೆಬ್ಬೆಟ್ಟು, ಒತ್ತಿದಳು, ಏನಮ್ಮಾ ಇದು, ಬರೀ ಮಸಿ ಕೂತದೆ, ಗೆರೆನೇ ಬರ್ಲಿಲ್ವಲ್ಲ, ಇನ್ನೊಂದ್ ಕಿತ ಒತ್ತು, ಮತ್ತೆ ಒತ್ತಿದಳು, ಮತ್ತೂ ಗೆರೆಯಿಲ್ಲ, ಸೊಪ್ ಕಟ್ಟಿ ಕಟ್ಟಿ ಸವ್ದೋಗದೆ ಬುದ್ಧಿ, ಅಂದಳು ನಾಚಿಕೊಂಡು, ಬೆರಳನ್ನು ಸೀರೆಗೆ ಒರೆಸಿಕೊಂಡಳು, ಹೋಗಲಿಲ್ಲ, ಹೋಗ್ಲಿ ಬುಡು ಅಂದ ಪುಟ್ಟಮಲ್ಲಪ್ಪನವರು ಹಾಳೆ ಮಡಿಸಿ ಜೇಬಿಗೆ ಹಾಕಿದರು, ಟ್ರಂಕು ಏರಿತು, ಅವನು ಏರಿದ, ಲಾರಿ ಗುರ್ರೆಂದಿತು. ಮೂಟೆಗಳ ನಡುವೆ ಕಾಲು ಮಡಿಸಲೂ ಜಾಗವಿಲ್ಲ, ಒಣಮೀನಿನ ವಾಸನೆ, ಕೆಳಗೆ ಅವ್ವ ಲಾರಿಯ ಜೊತೆ ನಾಲ್ಕು ಹೆಜ್ಜೆ ಓಡುತ್ತಾ ಕೂಗುತ್ತಿದ್ದಾಳೆ, ತ್ವಾಟ್‌ದಿಂದ ಕತೆ ಬರ್ದು ಕಳಿಸ್ಲಾ ಮಗಾ, ನಂಜಯ್ಯೋರ್ ತಾವ ಓದಿಸ್ಕತೀನಿ, ಮರೀಬ್ಯಾಡ, ಊಂ ಅಂತ ತಲೆಯಾಡಿಸಿದ, ಇನ್ನೇನು ಮಾಡುತ್ತಾನೆ, ಆಡಿಸಿದ, ಅವಳು ಕೈ ಎತ್ತಿದಳು, ಹೋಗ್ಬಾ ಅಂತ, ಆ ಹೆಬ್ಬೆಟ್ಟು, ಅಂಗಡಿ ಸಾಲು ಹಿಂದೆ ಸರಿಯಿತು, ಕಚೇರಿ ಸರಿಯಿತು, ಆ ಹೆಬ್ಬೆಟ್ಟು, ಮುಂದೆ ಏನೋ ಯೋಚಿಸಬೇಕು, ಕೊಡಗು, ಹಾಜರಿ ಪುಸ್ತಕ, ಏನೂ ಬರುತ್ತಿಲ್ಲ, ಮಸಿ ಮೆತ್ತಿದ, ಒಂದೂ ಗೆರೆಯಿಲ್ಲದ ಆ ಹೆಬ್ಬೆಟ್ಟು.